ಆರಿಸುವ ಕೈ, ಸುರಿಯುವ ಕೈ

ನಾನು ಬಾಲವಾಡಿ ಟೀಚರ್. ಪಾಲಕೋಡಿನಿಂದ ಕಾರಿಮಂಗಲಂ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ಒಳಕ್ಕೆ ನಡೆದರೆ ನಮ್ಮೂರು. ನಾನು ಹುಟ್ಟಿದ್ದು ಹೊಸೂರು ಕಡೆಯ ಹಳ್ಳಿಯಲ್ಲಿ. ಅಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದೆ. ಮದುವೆಯಾಗಿ ಇಲ್ಲಿಗೆ ಬಂದಾಗ ಒಂದು ಸಂಗತಿ ನನಗೆ ವಿಚಿತ್ರವಾಗಿ ಕಂಡಿತು. ಊರಿಗೆ ಊರೇ ಕನ್ನಡ ಮಾತಾಡುತ್ತದೆ, ಆದರೆ ಕನ್ನಡ ಓದಬಲ್ಲವಳು ನಾನೊಬ್ಬಳೇ. ಬಸ್ಸಿನ ಬೋರ್ಡು ತಮಿಳು, ರೇಷನ್ ಅಂಗಡಿ ತಮಿಳು, ಶಾಲೆ ತಮಿಳು. ಮನೆಯೊಳಗೆ ಬೈಗುಳ ಮತ್ತು ಮುದ್ದು ಮಾತ್ರ ಕನ್ನಡ.

ಬಾಲವಾಡಿಗೆ ಬರುವ ಮಕ್ಕಳು ಇನ್ನೂ ಆ ಮನೆಯೊಳಗಿನವರೇ. ಕೆಲವು ಕುರಿ ಸಾಕುವವರ ಮಕ್ಕಳು, ಕೆಲವು ತೋಟದ ಕೆಲಸಕ್ಕೆ ಹೋಗುವವರ ಮಕ್ಕಳು, ಕೆಲವರ ಅಪ್ಪ ಸಕ್ಕರೆ ಮಿಲ್ಲಿನಲ್ಲೋ ಲಾರಿಯಲ್ಲೋ ದುಡಿಯುತ್ತಾನೆ. ನಮ್ಮ ಗೋಡೆಯ ಮೇಲೆ ತಮಿಳು ಅಕ್ಷರಗಳ ಪಟ ತೂಗುಹಾಕಿದೆ. 'ಅಮ್ಮ' ಎರಡು ಭಾಷೆಗೂ ಒಂದೇ ಆದ್ದರಿಂದ ಮೊದಲ ಅಕ್ಷರ ಹೇಗೋ ದಾಟುತ್ತೇವೆ. ಎರಡನೆಯದಕ್ಕೆ ಬಂದು, ಮೇಕೆಯ ಚಿತ್ರದ ಮೇಲೆ ಕೋಲಿಟ್ಟು 'ಆಡು' ಅಂದರೆ ಸಾಕು, ಮನೆಯಲ್ಲಿ ಮೇಕೆ ಎಂದಷ್ಟೇ ಕೇಳಿರುವ ಮಕ್ಕಳು ಆಟಕ್ಕೆ ಬಿಟ್ಟರು ಎಂದುಕೊಂಡು ಇಡೀ ಬಾಲವಾಡಿ ಎದ್ದು ಹೊರಗೆ ಓಡುತ್ತದೆ. ಮೊದಲ ವರ್ಷ ನಾನು ಅವರ ಹಿಂದೆ ಓಡುವುದರಲ್ಲೇ ಕಳೆದೆ.

ನನಗೆ ದಾರಿ ತೋರಿದ್ದು ಹುರುಳಿಕಾಳು. ಒಂದು ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಅಳು ನಿಲ್ಲಿಸುತ್ತಲೇ ಇರಲಿಲ್ಲ. ಬಿಸ್ಕತ್ತು ಕೊಟ್ಟೆ, ಎತ್ತಿಕೊಂಡೆ, ಹಾಡಿದೆ. ಹಾಡಿದ ಮೇಲೆ ಅಳು ಜಾಸ್ತಿಯಾಯಿತು. ಅಡುಗೆ ನೋಡಿಕೊಳ್ಳುವ ಆಯಮ್ಮ ಬಾಗಿಲ ಬಳಿ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಳು. ಹುಡುಗ ಅಳುತ್ತಲೇ ಅವಳ ಪಕ್ಕಕ್ಕೆ ಸರಿದ, ಅಳುತ್ತಲೇ ಬಗ್ಗಿ ನೋಡಿದ, ಒಂದು ಕಲ್ಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಅವಳ ಅಂಗೈಗೆ ಹಾಕಿದ. ಆಮೇಲೆ ಇನ್ನೊಂದು. ಅಳು ಯಾವಾಗ ನಿಂತಿತೋ ನಮಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಿರಲಿಕ್ಕಿಲ್ಲ.

"ಇವ್ನು ನನ್ ಕೆಲ್ಸ ಕಿತ್ಕೊಂಡ ಕಣ್ ಟೀಚರೇ," ಅಂದಳು ಆಯಮ್ಮ.

ಮಾರನೆಯ ದಿನ ನಾನು ಮನೆಯಿಂದ ಹಳೆಯ ಇಡ್ಲಿ ತಟ್ಟೆ ತಂದೆ. ಒಂದು ಬಟ್ಟಲಲ್ಲಿ ಹುಣಸೆ ಬೀಜ, ಅವರೆಕಾಳು, ಬೇವಿನ ಬೀಜ ಬೆರೆಸಿ, ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒಂದೊಂದು ಜಾತಿಯದನ್ನು ಒಂದೊಂದು ಇಟ್ಟು ಸುಮ್ಮನೆ ಕೂತೆ. ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಹುಣಸೆ ಬೀಜದ ಗುಳಿಗೆ ಹುಣಸೆ ಬೀಜ ಹೋಯಿತು. ಆ ಕೆಲಸಕ್ಕೆ ತಮಿಳೂ ಬೇಕಿಲ್ಲ, ಕನ್ನಡವೂ ಬೇಕಿಲ್ಲ. ಕೆಲಸ ನಡೆಯುತ್ತಿರುವಾಗ ಮಾತು ತಾನಾಗಿ ಬರುತ್ತದೆ; 'ದೊಡ್ಡದು' ಅಂದ ಮಗುವಿಗೆ 'ಪೆರಿಸು' ಅಂತ ಹೇಳಿಕೊಟ್ಟರೆ, ಕೈಯಲ್ಲಿ ದೊಡ್ಡ ಬೀಜ ಇರುವುದರಿಂದ ಆ ತಮಿಳು ಪದ ಮತ್ತೆ ಮರೆಯುವುದಿಲ್ಲ.

ಹೀಗೆ ಒಂದಕ್ಕೊಂದು ಸೇರಿಕೊಂಡಿತು. ಎರಡು ಬಟ್ಟಲು, ನಡುವೆ ಒಂದು ಚಮಚ: ಈ ಬಟ್ಟಲ ರಾಗಿಯನ್ನು ಆ ಬಟ್ಟಲಿಗೆ ಚೆಲ್ಲದೆ ಸಾಗಿಸಬೇಕು. ಸ್ಪಂಜಿನ ತುಂಡೊಂದನ್ನು ನೀರಲ್ಲಿ ಅದ್ದಿ, ಪಕ್ಕದ ತೆಂಗಿನ ಚಿಪ್ಪಿನೊಳಗೆ ಹಿಂಡಿ, ಚಿಪ್ಪು ತುಂಬಿಸಬೇಕು. ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಒತ್ತಿ ಡಬ್ಬದ ಅಂಚಿಗೆ ಸಿಕ್ಕಿಸಬೇಕು. ಮೊಟ್ಟೆಯ ಟ್ರೇಯಲ್ಲಿ ಬಾಟಲಿ ಮುಚ್ಚಳಗಳನ್ನು ಬಣ್ಣ ನೋಡಿ ಇಡಬೇಕು. ಊರಲ್ಲಿ ಯಾರ ಮನೆಯ ಕಸ ಎಲ್ಲಿ ಬೀಳುತ್ತದೆ ಎಂದು ನನಗಿಂತ ಚೆನ್ನಾಗಿ ಗುಜರಿಯವನಿಗೂ ಗೊತ್ತಿರಲಿಲ್ಲ. ಒಮ್ಮೆ ಒಬ್ಬ ಹುರುಳಿಕಾಳನ್ನು ಮೂಗಿನೊಳಗೆ ಸಾಗಿಸಿದ. ಆಯಮ್ಮ ಸೆರಗಿನ ತುದಿಯನ್ನು ಹುರಿಮಾಡಿ ಮೂಗಿನ ಇನ್ನೊಂದು ಹೊಳ್ಳೆಗೆ ಕಚಗುಳಿಯಿಟ್ಟಳು. ಅವನು ಸೀನಿದ, ಕಾಳು ಹಾರಿ ಬಂತು. ಅಂದಿನಿಂದ ಚಿಕ್ಕವರಿಗೆ ಮೂಗಿಗೂ ಬಾಯಿಗೂ ಹೋಗದಷ್ಟು ದೊಡ್ಡ ಸಾಮಾನು ಮಾತ್ರ; ಸಣ್ಣ ಕಾಳು ದೊಡ್ಡವರಿಗೆ, ಅದೂ ನಮ್ಮ ಕಣ್ಣೆದುರಿಗೆ.

ಆ ವರ್ಷಗಳಲ್ಲಿ ನನ್ನ ಬಳಿ ಬಂದ ಮಕ್ಕಳಲ್ಲಿ ಒಬ್ಬ ಹುಡುಗಿಯ ವಿಷಯ ನಾನು ಬರೆಯಬೇಕೆಂದಿರುವುದು. ಅವಳಿಗೆ ನಾಲ್ಕು ತುಂಬುತ್ತಿತ್ತು. ಮಾತು ಕಡಿಮೆ. ಅವಳ ಅಪ್ಪ ಲಾರಿಯಲ್ಲಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಮ್ಮ ಪಾಲಕೋಡಿನ ತರಕಾರಿ ಮಂಡಿಯಲ್ಲಿ ಟೊಮ್ಯಾಟೊ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಕಡೆ ಯಾರೂ ಟೊಮ್ಯಾಟೊ ಅನ್ನುವುದಿಲ್ಲ, ತಮಿಳಿನ ತಕ್ಕಾಳಿಯೇ. ರಾಶಿಯ ಮುಂದೆ ಕೂತು, ಗಾತ್ರ ನೋಡಿ, ಬಣ್ಣ ನೋಡಿ, ಬೇರೆ ಬೇರೆ ಕ್ರೇಟುಗಳಿಗೆ ಹಾಕುವ ಕೆಲಸ. ಗಟ್ಟಿ ಹೆಂಗಸು. ನಡೆದರೆ ಕಾಲಿನ ಕೊಲುಸಿನ ಗೆಜ್ಜೆ ಮೊದಲು ಕೇಳಿಸುತ್ತಿತ್ತು, ಆಮೇಲೆ ಅವಳ ದನಿ, ಆಮೇಲೆ ಅವಳು.

ಮಗಳು ಅದಕ್ಕೆ ತದ್ವಿರುದ್ಧ. ಬಂದು ಮೂಲೆಯಲ್ಲಿ ಕೂರುವಳು, ಬಟ್ಟಲು ಎಳೆದುಕೊಳ್ಳುವಳು, ಊಟದ ಹೊತ್ತಿನವರೆಗೆ ಅದೇ ಲೋಕ. ಬೇರೆ ಮಕ್ಕಳು ಮುಚ್ಚಳಗಳನ್ನು ಬಣ್ಣ ನೋಡಿ ಬೇರೆ ಮಾಡಿದರೆ ಇವಳು ಒಮ್ಮೊಮ್ಮೆ ನನಗೆ ಅರ್ಥವಾಗದ ಹಾಗೆ ಜೋಡಿಸುತ್ತಿದ್ದಳು. ಕೆಂಪು, ನೀಲಿ, ಹಸಿರು ಎಲ್ಲ ಒಂದೇ ಗುಂಪಿನಲ್ಲಿ. ತಪ್ಪು ಮಾಡಿದಳೇನೋ ಎಂದು ಮೊದಮೊದಲು ಸರಿಪಡಿಸಲು ಹೋದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ ಒಂದು ಮುಚ್ಚಳವನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಎಣ್ಣೆಯ ವಾಸನೆ. ಇನ್ನೊಂದು ಗುಂಪಿನ ಮುಚ್ಚಳ ಹಿಡಿದಳು. ಅದಕ್ಕೆ ವಾಸನೆ ಇರಲಿಲ್ಲ, ನೀರಿನ ಬಾಟಲಿಯದು. ಅವತ್ತಿನಿಂದ ನಾನು ಅವಳ ಬಟ್ಟಲಿಗೆ ಕೈ ಹಾಕುವುದು ಬಿಟ್ಟೆ.

ಒಂದು ಬೆಳಿಗ್ಗೆ ತೋಟದವರೊಬ್ಬರು ಬಾಲವಾಡಿಯ ಸಾರಿಗೆ ಆಗಲಿ ಎಂದು ಒಂದು ಕುಕ್ಕೆ ಟೊಮ್ಯಾಟೊ ಇಳಿಸಿ ಹೋದರು. ಕಾಯಿ, ದೋರೆ, ಹಣ್ಣು ಎಲ್ಲ ಕಲೆತಿದ್ದವು. ಆಯಮ್ಮನಿಗೆ ಕೊಡುವ ಮುಂಚೆ ನಾನು ಚಾಪೆಯ ಮೇಲೆ ಸುರಿದು ಮೂರು ಬುಟ್ಟಿ ಇಟ್ಟೆ. ಆ ಹುಡುಗಿ ಬಂದು ಕೂತಳು. ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ, ತಿರುಗಿಸಿ, ತೊಟ್ಟಿನ ಹತ್ತಿರ ನೋಡಿ, ಹಸಿರನ್ನು ಹಸಿರಿಗೆ, ಕೆಂಪನ್ನು ಕೆಂಪಿಗೆ, ನಡುವಿನದನ್ನು ನಡುವೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಅಷ್ಟು ನಾಜೂಕಾಗಿ ಮಗುವೊಂದು ಕೆಲಸ ಮಾಡುವುದು ನೋಡಿದರೆ ಉಸಿರು ಬಿಗಿಹಿಡಿಯಬೇಕು ಅನ್ನಿಸುತ್ತದೆ. ನಾನು ಫೋಟೊ ತೆಗೆದು ಅಮ್ಮಂದಿರ ವಾಟ್ಸಪ್ ಗುಂಪಿಗೆ ಹಾಕಿದೆ.

ಮಕ್ಕಳು ಊಟ ಮುಗಿಸಿ ಮಲಗುವ ಹೊತ್ತಿಗೆ ಕೊಲುಸಿನ ಸದ್ದು ಬಂತು. ಅವಳಮ್ಮ. ಮಂಡಿಯಿಂದ ನೇರ ಬಂದಿದ್ದಳು. ಬೆರಳುಗಳಲ್ಲಿ ಟೊಮ್ಯಾಟೊ ಗಿಡದ ಹಸಿರು ಕಲೆ ಇನ್ನೂ ಹಾಗೇ ಇತ್ತು. ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಏನ್ ಟೀಚರಮ್ಮ ಇದು?"

"ನಿನ್ ಮಗಳು. ಎಷ್ಟ್ ಚೆನ್ನಾಗಿ ಮಾಡವಳೆ ನೋಡು."

"ಚೆನ್ನಾಗಿ ಮಾಡವಳೆ! ಮಂಡೀಲಿ ಎಲ್ಲಾರೂ ನಗ್ತಾವ್ರೆ. 'ಏನೇ, ನಿನ್ ಮಗಳೂ ನಮ್ ಕೆಲ್ಸಕ್ಕೆ ಸೇರ್ಕೊಂಡ್ಲಾ' ಅಂತಾವ್ರೆ. ನಾನು ಬೆಳಕರಿಯೋದ್ರೊಳಗೆ ಎದ್ದು ಓಗಿ ತಕ್ಕಾಳಿ ಆರಿಸೋದು ಯಾಕೆ? ಇವಳು ಆರಿಸಬಾರ್ದು ಅಂತ. ನೀನು ಇಲ್ಲಿ ಕುಂಡ್ರಿಸ್ಕೊಂಡು ಅದನ್ನೇ ಕಲಿಸ್ತಾ ಇದ್ದೀಯ!"

ಮಲಗಿದ್ದ ಮಕ್ಕಳಲ್ಲಿ ಒಂದೆರಡು ಎದ್ದು ಕೂತವು. ನಾನು ಅವಳನ್ನು ಹೊರಗೆ ಜಗಲಿಗೆ ಕರೆದುಕೊಂಡು ಬಂದು ನಿಧಾನವಾಗಿ ಹೇಳಿದೆ: ಪೆನ್ಸಿಲ್ ಹಿಡಿಯುವ ಮುಂಚೆ ಬೆರಳು ಗಟ್ಟಿಯಾಗಬೇಕು, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂದು ಕಣ್ಣಿಗೆ ತಿಳಿಯಬೇಕು, ಅಕ್ಷರ ಅನ್ನುವುದೂ ವ್ಯತ್ಯಾಸವೇ, ಇದೆಲ್ಲ ಓದಿಗೆ ತಳಪಾಯ. ಈ ಮಾತು ನಾನು ಎಷ್ಟೋ ಅಮ್ಮಂದಿರಿಗೆ ಹೇಳಿದ್ದೇನೆ, ಅವರು ತಲೆಯಾಡಿಸಿದ್ದಾರೆ. ಇವಳು ತಲೆಯಾಡಿಸಲಿಲ್ಲ.

"ನಂಗೆ ಬೆರಳು ಗಟ್ಟಿ ಇಲ್ವಾ?" ಎಂದು ಎರಡೂ ಕೈ ಬಿಚ್ಚಿ ನನ್ನ ಮುಂದೆ ಚಾಚಿದಳು. "ನಂಗೆ ಕಣ್ಣಿಗೆ ತಿಳಿಯಾಕಿಲ್ವಾ? ಮತ್ತೆ ನಾನ್ಯಾಕೆ ಕಲೆಟ್ಟರ್ ಆಗ್ಲಿಲ್ಲ?"

ಅವಳು ಒಳಗೆ ಹೋಗಿ ನಿದ್ದೆಗಣ್ಣಿನ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದಳು.

ಮುಂದಿನ ವಾರ ಆ ಹುಡುಗಿ ಟೈ ಕಟ್ಟಿಕೊಂಡು, ಕರಿ ಬೂಟು ಹಾಕಿಕೊಂಡು, ಅಮ್ಮನ ಕೈ ಹಿಡಿದು ನಮ್ಮ ಬಾಲವಾಡಿಯ ಮುಂದಿನಿಂದಲೇ ನಡೆದುಹೋದಳು. ಕಾರಿಮಂಗಲಂನ ಇಂಗ್ಲಿಷ್ ನರ್ಸರಿಗೆ ಸೇರಿಸಿದ್ದರು. ಅದರ ವ್ಯಾನು ಊರೊಳಗೆ ಬರುವುದಿಲ್ಲ, ದೊಡ್ಡ ರಸ್ತೆಯಲ್ಲೇ ನಿಲ್ಲುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಆ ಮೆರವಣಿಗೆ ನೋಡುವುದು ನನಗೆ ತಪ್ಪಲಿಲ್ಲ. ಹುಡುಗಿ ನಮ್ಮ ಬಾಗಿಲ ಕಡೆ ತಿರುಗಿ ನೋಡುವಳು. ಅಮ್ಮ ನೋಡುತ್ತಿರಲಿಲ್ಲ.

ಆಯಮ್ಮ ಹೇಳಿದಳು, "ಓಗ್ಲಿ ಬಿಡಿ ಟೀಚರೇ. ಅವಳಿಷ್ಟ." ನನಗೆ ಬಿಡಲು ಆಗಲಿಲ್ಲ. ಮಗು ಹೋಯಿತು ಎಂಬುದಕ್ಕಿಂತ ಆ ಪ್ರಶ್ನೆಯೇ ನನ್ನನ್ನು ಹಿಡಿದುಕೊಂಡಿತ್ತು. ನಾನು ಮಾಡುತ್ತಿರುವುದು ಸರಿ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಆದರೆ ಅವಳು ಕೇಳಿದ್ದೂ ಸರಿಯಾದ ಪ್ರಶ್ನೆ. ಎರಡೂ ಸರಿಯಾಗಿದ್ದರೆ ನಡುವೆ ಏನೋ ಇರಬೇಕಲ್ಲ?

ಒಂದು ಭಾನುವಾರ ಬೆಳಗಿನ ಜಾವ ಯಜಮಾನರ ಬೈಕಿನಲ್ಲಿ ಪಾಲಕೋಡಿನ ಮಂಡಿಗೆ ಹೋದೆ. ಟೆಂಪೋಗಳು ಹಿಂದಕ್ಕೆ ಮುಂದಕ್ಕೆ ಆಗುತ್ತಿದ್ದವು. ನೆಲವೆಲ್ಲ ಜಜ್ಜಿದ ಹಣ್ಣಿನ ಹುಳಿ ವಾಸನೆ. ಶೆಡ್ಡಿನ ಕೆಳಗೆ ರಾಶಿಗಳ ಸುತ್ತ ಹೆಂಗಸರು ಕೂತಿದ್ದರು. ಅವರ ನಡುವೆ ಕೂತಿದ್ದ ಆ ಹುಡುಗಿಯ ಅಮ್ಮ ನನ್ನನ್ನು ನೋಡಿದಳು, ಆದರೆ ಕೈ ನಿಲ್ಲಿಸಲಿಲ್ಲ.

"ಏನ್ ಟೀಚರಮ್ಮ, ತಕ್ಕಾಳಿ ಬೇಕಾಗಿತ್ತಾ?"

"ಇಲ್ಲ, ನಿನ್ ಜೊತೆ ಮಾತಾಡ್ಬೇಕಾಗಿತ್ತು."

"ಮಾತಾಡೋಕೆ ಬಂದೋರು ಇಲ್ಲಿ ಸುಮ್ನೆ ನಿಂತ್ಕೊಳ್ಳೋಕಾಗಲ್ಲ. ಯಾಪಾರಿ ಬೈತಾನೆ. ಕುಂತ್ಕೋ, ಆರಿಸು."

ಕೂತೆ. ನನ್ನಪ್ಪನ ಹೊಲದಲ್ಲೂ ಟೊಮ್ಯಾಟೊ ಬೆಳೆಯುತ್ತಿದ್ದರು, ಶಾಲೆಗೆ ಹೋಗುವ ಮುಂಚೆ ನಾವೆಲ್ಲ ಅಕ್ಕತಂಗಿಯರು ಕ್ರೇಟು ತುಂಬುತ್ತಿದ್ದೆವು. ಕೈ ಮರೆತಿರಲಿಲ್ಲ. ಒಂದೇ ಹಿಡಿತದಲ್ಲಿ ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಎಡಕ್ಕೆ ಬಲಕ್ಕೆ ಹಾಕತೊಡಗಿದೆ. ಅವಳು ಸ್ವಲ್ಪ ಹೊತ್ತು ಓರೆಗಣ್ಣಲ್ಲಿ ನೋಡಿದಳು.

"ನಿಂಗೂ ಬತ್ತದಾ?"

"ಬತ್ತದೆ. ಚಿಕ್ಕೋಳಿದ್ದಾಗ ಮಾಡ್ತಿದ್ದೆ."

ಅವಳ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಆ ದಿನದ ಲೆಕ್ಕಾಚಾರ ಹೇಳಿದಳು. ಇವತ್ತಿನ ಲಾರಿ ತೊಪ್ಪೂರು ಘಾಟಿ ಇಳಿದು, ಸೇಲಂ ದಾಟಿ ಇನ್ನೂ ದೂರ ಹೋಗುತ್ತದೆ. ಘಾಟಿಯ ಕುಲುಕಾಟಕ್ಕೆ ಕ್ರೇಟಿನ ತಳದ ಹಣ್ಣು ಅಪ್ಪಚ್ಚಿಯಾಗುತ್ತದೆ, ಅದಕ್ಕೆ ಕಾಯಿ ಬೇಕು. ನಿನ್ನೆ ಹತ್ತಿರದ ಊರಿಗೆ ಹೋಗುವ ಲಾರಿ, ಹಣ್ಣು ಬೇಕಾಗಿತ್ತು. ನಾಳೆ ಯಾವುದೋ ಗೊತ್ತಿಲ್ಲ.

"ಯಾಪಾರಿ ಬೆಳಿಗ್ಗೆ ಬಂದು ಎಂಗೆ ಏಳ್ತಾನೋ ಅಂಗೆ ಮಾಡೋದು. ಹಸ್ರು ಅಂದ್ರೆ ಹಸ್ರು, ಕೆಂಪು ಅಂದ್ರೆ ಕೆಂಪು. ನಂದೇನೈತೆ ಇದ್ರಾಗೆ? ಕೈ ಮಾತ್ರ ನಂದು." ಇನ್ನೊಂದು ಕಾಯಿಯನ್ನು ಕ್ರೇಟಿಗೆ ಹಾಕಿ ಮತ್ತೆ ಹೇಳಿದಳು, "ನಿನ್ ಮೇಲೆ ಕೋಪ ಇಲ್ಲ ಟೀಚರಮ್ಮ. ಆ ಫೋಟೋ ನೋಡ್ದಾಗ ನನ್ನೇ ನೋಡ್ದಂಗಾಯ್ತು. ನನ್ನ ಸಣ್ಣೋಳ್ ಮಾಡಿ ಅಲ್ಲಿ ಕುಂಡ್ರಿಸಿದಂಗೆ."

ಅದನ್ನು ಕೇಳಿದಾಗ ನನಗೆ ವಾದ ಮಾಡುವ ಮನಸ್ಸಾಗಲಿಲ್ಲ. "ಒಂದಿನ ಬಂದು ನನ್ ಜೊತೆ ಬಾಲವಾಡೀಲಿ ಕೂತ್ಕೋ," ಎಂದಷ್ಟೇ ಕೇಳಿದೆ. "ಈಗ ನಾನು ನಿನ್ ಜೊತೆ ಇಲ್ಲಿ ಕೂತಿಲ್ವಾ, ಹಂಗೆ."

"ಅವಳನ್ನ ಬೇರೆ ಕಡೆ ಸೇರಿಸಿ ಆಯ್ತಲ್ಲ. ಇನ್ನೇನು ನೋಡೋಕೆ ಬರ್ಲಿ?" ಅಂದಳು. ಆದರೆ ನಾನು ಏಳುವಾಗ ಒಂದು ಚೀಲ ತುಂಬ ಹಣ್ಣು ಕಟ್ಟಿಕೊಟ್ಟಳು. ಒಂದೂ ಜಜ್ಜಿರಲಿಲ್ಲ.

ದಿನಗಳು ಹೋದವು. ಹುಡುಗಿಗೆ ಟೈ ಅಭ್ಯಾಸವಾಯಿತು ಅಂದುಕೊಂಡೆ. ಒಂದು ಶನಿವಾರ, ನಾವು ಮಕ್ಕಳನ್ನು ನೀರಿನ ಆಟಕ್ಕೆ ಕೂರಿಸಿದ್ದಾಗ, ಕೊಲುಸು ಕೇಳಿಸಿತು. ಈ ಸಲ ಅದರ ಸದ್ದೇ ಬೇರೆ, ಎಡವಿ ಎಡವಿ ಬಂದ ಹಾಗೆ. ಅಮ್ಮ ಮಗಳ ಕೈ ಹಿಡಿದು ಎಳೆದುಕೊಂಡು ಬಂದಳು. ಮಗಳು ಅತ್ತು ಮುಗಿಸಿದ್ದಳು. ಕೆನ್ನೆ ಮೇಲೆ ಉಪ್ಪಿನ ಗೆರೆಗಳು ಒಣಗಿದ್ದವು.

"ಕೇಳು ಇವಳನ್ನ. ಏನ್ ಮಾಡವಳೆ ಕೇಳು," ಎಂದು ಜಗಲಿಯ ಮೇಲೆ ಕುಸಿದು ಕೂತಳು. "ನೆನ್ನೆ ಮಿಸ್ಸು ನನ್ನ ಕರೆಸಿದ್ರು. 'ನಿಮ್ ಮಗಳು ಕ್ಲಾಸಲ್ಲಿ ಕೂರಲ್ಲ, ಒರ್ಗೆ ಓಗಿ ಎಲ್ಲಾರೂ ಬಿಚ್ಚಿಟ್ಟಿರೋ ಬೂಟು ಮುಟ್ತಾಳೆ' ಅಂದ್ರು. ಎಲ್ಲಾರ ಮುಂದೆ ಅಂದ್ರು. ಬೂಟು ಮುಟ್ಟೋಕೆ ನಾನು ಅಲ್ಲಿಗೆ ಕಳಿಸ್ದೆನಾ? ಇದು ನಿನ್ ಪಾಠ ತಾನೆ?"

ಆಯಮ್ಮ ಒಳಗಿನಿಂದ ನೀರು ತಂದುಕೊಟ್ಟಳು. ನಾನು ಹುಡುಗಿಯ ಪಕ್ಕ ನೆಲದ ಮೇಲೆ ಕೂತೆ. ಬಾಗಿಲಾಚೆ ನಮ್ಮ ಮಕ್ಕಳ ಚಪ್ಪಲಿಗಳು ಎಂದಿನಂತೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ಬೂಟು ಏನ್ ಮಾಡ್ದೆ ಕಣವ್ವ?"

ಅವಳು ಆ ಚಪ್ಪಲಿಗಳನ್ನೇ ನೋಡಿದಳು.

"ಬಾಯಲ್ಲಿ ಹೇಳ್ಬೇಡ. ಇಲ್ಲಿ ಚಪ್ಪಲಿ ಐತಲ್ಲ, ಹಂಗೇ ಮಾಡಿ ತೋರ್ಸು."

ಹುಡುಗಿ ಎದ್ದು ಚಪ್ಪಲಿಗಳ ಹತ್ತಿರ ಹೋದಳು. ಬಗ್ಗಿ ಒಂದನ್ನು ತಿರುಗಿಸಿ ಅಡಿ ನೋಡಿದಳು. ಇನ್ನೊಂದನ್ನು ನೋಡಿದಳು. ಎಲ್ಲವನ್ನೂ ನೋಡುತ್ತ ಆ ತುದಿಯವರೆಗೆ ಹೋಗಿ, ತಿರುಗಿ ನಮ್ಮ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದಳು.

"ಇಲ್ಲಿ ಆಗಾಕಿಲ್ಲ," ಅಂದಳು.

"ಯಾಕೆ?"

"ಎಲ್ಲಾವೂ ನಡ್ಕೊಂಡ್ ಬಂದಿರೋವೇ."

ಅವಳಮ್ಮನಿಗೂ ನನಗೂ ಒಟ್ಟಿಗೇ ಅರ್ಥವಾಗಲಿಲ್ಲ. ಅಮ್ಮ ಕೇಳಿದಳು, "ಏನಂಗಂದ್ರೆ? ಸರಿಯಾಗಿ ಏಳ್ಲೇ."

ಹುಡುಗಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಅಲ್ಲಿ ಮಣ್ಣು ಐತಲ್ಲ, ಆ ಬೂಟು ನಡ್ಕೊಂಡ್ ಬಂದಿದ್ದು. ಮಣ್ಣು ಇಲ್ಲ ಅಂದ್ರೆ ವ್ಯಾನಲ್ಲಿ ಬಂದಿದ್ದು. ನಡ್ಕೊಂಡ್ ಬಂದಿದ್ದು ಗ್ವಾಡೆ ತಾವ ಮಡಗ್ದೆ. ವ್ಯಾನಲ್ಲಿ ಬಂದಿದ್ದು ಮೆಟ್ಲು ತಾವ ಮಡಗ್ದೆ."

ಆಯಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. ಆಮೇಲೆ ಅಮ್ಮ ಬೇರೆಯದೇ ದನಿಯಲ್ಲಿ ಕೇಳಿದಳು:

"ನಿಂದು ಎಲ್ಲಿ ಮಡಗ್ದೆ?"

"ನಂದು ಮಧ್ಯ."

"ಮಧ್ಯ ಯಾಕೆ? ನೀನು ವ್ಯಾನಲ್ಲಿ ತಾನೆ ಓಗದು?"

"ವ್ಯಾನ್ ತಾವಕ್ಕೆ ನಡ್ಕೊಂಡ್ ಓಗ್ತೀವಲ್ಲ," ಅಂದಳು ಹುಡುಗಿ, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ. "ನಂದ್ರಾಗೆ ಎಲ್ಡೂ ಐತೆ."

ಅಮ್ಮ ಮಗಳನ್ನು ಹತ್ತಿರ ಎಳೆದುಕೊಂಡಳು. ಈ ಸಲ ಎಳೆತ ಬೇರೆ ಥರ ಇತ್ತು. ಅವಳ ಕೂದಲನ್ನು ಹಿಂದಕ್ಕೆ ಸವರಿ, ಒಣಗಿದ ಕೆನ್ನೆಯನ್ನು ಸೆರಗಿನಿಂದ ಒರೆಸಿ, "ಇದ ಯಾರ್ ಏಳ್ಕೊಟ್ರು ನಿಂಗೆ?" ಎಂದು ಕೇಳಿದಳು. ಹುಡುಗಿ ಯಾರೂ ಇಲ್ಲ ಎಂದು ತಲೆಯಲ್ಲಾಡಿಸಿ, ಬಿಡಿಸಿಕೊಂಡು, ಸ್ಪಂಜು ಹಿಂಡುತ್ತಿದ್ದ ಮಕ್ಕಳ ನಡುವೆ ಹೋಗಿ ಕೂತುಬಿಟ್ಟಳು.

ನಾವಿಬ್ಬರೂ ಜಗಲಿಯ ಮೇಲೆಯೇ ಇದ್ದೆವು. ಅವಳು ಬಹಳ ಹೊತ್ತು ಮಗಳನ್ನೇ ನೋಡಿದಳು. ಸ್ಪಂಜಿನಿಂದ ಚಿಪ್ಪಿಗೆ, ಚಿಪ್ಪಿನಿಂದ ಬಕೆಟ್ಟಿಗೆ ನೀರು ಹೋಗುತ್ತಿತ್ತು.

"ನಂಗೆ ದಿನಾ ಯಾಪಾರಿ ಏಳ್ತಾನೆ, ಯಾವುದು ಎಲ್ಲಿಗೆ ಅಂತ," ಅಂದಳು. "ಇವಳಿಗೆ ಯಾರೂ ಏಳಿಲ್ಲ. ಇವಳೇ ಏಳ್ಕೊಂಡವಳೆ."

ಮಂಡಿಗೆ ಹೋಗಿ ಬಂದ ದಿನದಿಂದ ನಾನು ತಡಕಾಡುತ್ತಿದ್ದ ಮಾತು ಅದೇ. ಅವಳ ಬಾಯಲ್ಲಿ ಬಂದದ್ದು ಒಳ್ಳೆಯದೇ ಆಯಿತು. ನಾನು ಹೇಳಿದ್ದರೆ ಅದು ಪಾಠವಾಗುತ್ತಿತ್ತು.

"ಕಲೆಟ್ಟರ್ ಆಗ್ತಾಳೋ ಇಲ್ವೋ ನಂಗೊತ್ತಿಲ್ಲ," ಅಂದೆ. "ಆದ್ರೆ ಯಾರಾದ್ರೂ ಏನಾದ್ರೂ ಹೇಳಿದ್ರೆ, ಯಾಕೆ ಅಂತ ಕೇಳೋ ಹುಡುಗಿ ಆಗ್ತಾಳೆ."

ಅವಳು ನಕ್ಕಳು. "ಈಗ್ಲೇ ಕೇಳ್ತಾಳೆ. ಅದೇ ತಲೆನೋವು."

ಆದರೂ ಸೋಮವಾರವೇ ಮಗಳನ್ನು ಕರೆತಂದು ಬಿಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ತನ್ನದೇ ಹಠ ಇತ್ತು, ಗಂಡನನ್ನು ಒಪ್ಪಿಸಬೇಕಿತ್ತು, ಮಂಡಿಯ ಹೆಂಗಸರಿಗೆ ಜವಾಬು ಕೊಡಬೇಕಿತ್ತು. ನರ್ಸರಿಗೇ ಕೆಲವು ವಾರ ಕಳಿಸಿದಳು, ಶನಿವಾರಗಳಲ್ಲಿ ಮಾತ್ರ ನಮ್ಮಲ್ಲಿಗೆ ಬಿಟ್ಟಳು. ಪೊಂಗಲ್ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಹುಡುಗಿ ಟೈ ಇಲ್ಲದೆ, ಹವಾಯಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಅಮ್ಮ.

"ಒಂದ್ ಮಾತು ಟೀಚರಮ್ಮ. ಏನ್ ಬೇಕಾದ್ರೂ ಆರಿಸೋಕೆ ಕೊಡು. ತಕ್ಕಾಳಿ ಮಾತ್ರ ಬ್ಯಾಡ."

"ತಕ್ಕಾಳಿ ಬ್ಯಾಡ," ಎಂದು ಒಪ್ಪಿಕೊಂಡೆ. ಮಾತು ಉಳಿಸಿಕೊಂಡೆ ಕೂಡ. ಆ ಹುಡುಗಿ ಇರುವವರೆಗೆ ಟೊಮ್ಯಾಟೊ ನಮ್ಮಲ್ಲಿ ಸಾರಿಗೆ ಮಾತ್ರ ಬಂತು, ಚಾಪೆಗೆ ಬರಲಿಲ್ಲ. ಟೊಮ್ಯಾಟೊದಿಂದ ಕಲಿಯುವುದನ್ನು ಬದನೆಕಾಯಿಯಿಂದಲೂ ಕಲಿಯಬಹುದು. ಆ ತಾಯಿಗೆ ಆ ಒಂದು ಹಣ್ಣಿನ ಜೊತೆ ಇದ್ದದ್ದು ಬೇರೆ ಸಂಬಂಧ, ಅದರಲ್ಲಿ ಕೈಯಾಡಿಸುವ ಹಕ್ಕು ನನಗಿರಲಿಲ್ಲ.

ಮಂಡಿಯಲ್ಲಿ ಕೆಲಸ ಬೇಗ ಮುಗಿದ ದಿನಗಳಲ್ಲಿ ಅವಳು ನಮ್ಮಲ್ಲಿಗೆ ಬಂದು ಕೂರುವುದು ರೂಢಿಯಾಯಿತು. ಮೊದಲ ದಿನ ಸುಮ್ಮನೆ ನೋಡಿದಳು. ಮಗುವೊಂದು ಚಮಚದಿಂದ ರಾಗಿ ಚೆಲ್ಲಿದಾಗ ತಟ್ಟನೆ ಮುಂದೆ ಬಗ್ಗಿ ಎತ್ತಲು ಹೋದಳು. ನಾನು ಕಣ್ಣಲ್ಲೇ ಬೇಡ ಅಂದೆ. ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಮಗು ತಾನೇ ಚೆಲ್ಲಿದ್ದನ್ನು ಉಗುರಿನಿಂದ ಒಟ್ಟುಮಾಡಿ ಬಟ್ಟಲಿಗೆ ಹಾಕುವವರೆಗೆ ಅವಳು ಆ ಕೈಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದುಕೊಂಡಿದ್ದಳು. "ಇದು ನಮ್ ಕೆಲ್ಸಕ್ಕಿಂತ ಕಷ್ಟ ಬಿಡಮ್ಮ," ಅಂದಳು ಆಮೇಲೆ. "ಸುಮ್ನೆ ಕುಂತಿರೋದು!"

ಅವಳಿಂದ ಬೇರೆ ಅಮ್ಮಂದಿರೂ ಬರತೊಡಗಿದರು. ನನ್ನ ತಳಪಾಯದ ಭಾಷಣ ಅವರಿಗೆ ಹಿಡಿಸದಿದ್ದರೂ ಅವಳ ಬೂಟಿನ ಕತೆ ಹಿಡಿಸಿತ್ತು. ಬಾವಿ ಕಟ್ಟೆಯಲ್ಲಿ, ಬಸ್ಸಿನಲ್ಲಿ, ಮಂಡಿಯಲ್ಲಿ ಅವಳು ಅದನ್ನು ಹೇಳುತ್ತಿದ್ದಳು. ಪ್ರತಿ ಸಲ ಹೇಳುವಾಗಲೂ ಬೂಟುಗಳ ಸಂಖ್ಯೆ ಸ್ವಲ್ಪ ಹೆಚ್ಚಾಗುತ್ತಿತ್ತು. ಯಾರೋ ಹಳೆಯ ಕುಂಕುಮದ ಭರಣಿಗಳನ್ನು ತಂದುಕೊಟ್ಟರು, ಯಾರೋ ಚಹಾ ಸೋಸುವ ಜರಡಿ. ಕುರಿ ಸಾಕುವ ಮನೆಯ ಅಜ್ಜಿಯೊಬ್ಬಳು ಕರಿ, ಬಿಳಿ, ಕಂದು ಉಣ್ಣೆಯನ್ನು ಒಟ್ಟಿಗೆ ತುರುಕಿದ ಚೀಲ ತಂದು, "ಇದ ಬ್ಯಾರೆ ಮಾಡ್ಲಿ ನೋಡಾನ, ನನ್ ಕಣ್ ಕಾಣಾಕಿಲ್ಲ," ಅಂದಳು. ಮಕ್ಕಳು ಅದನ್ನು ಬೇರೆ ಮಾಡುವಷ್ಟರಲ್ಲಿ ನಾವೆಲ್ಲ ಸೀನಿ ಸೀನಿ ಸಾಕಾಯಿತು. ಅಜ್ಜಿ ಮಾತ್ರ ಖುಷಿಯಾಗಿ ಮನೆಗೆ ಹೋದಳು.

ಹುಡುಗಿ ಊರಿನ ಸರ್ಕಾರಿ ಶಾಲೆಗೆ ಒಂದನೆಯ ತರಗತಿಗೆ ಸೇರಿದಳು. ಪೆನ್ಸಿಲ್ ಹಿಡಿದ ರೀತಿ ನೋಡಿ ಅಲ್ಲಿನ ಟೀಚರ್ ನನಗೆ ಫೋನ್ ಮಾಡಿದ್ದರು. ತಮಿಳಿನಲ್ಲಿ ಹೇಳಿದರು, ಈ ಹುಡುಗಿ 'ಲ' ಮತ್ತು 'ಳ'ಗಳ ವ್ಯತ್ಯಾಸ ಒಂದೇ ದಿನಕ್ಕೆ ಹಿಡಿದಳು ಅಂತ. ಹಿಡಿಯದೆ ಏನು ಎಂದುಕೊಂಡೆ ಮನಸ್ಸಿನಲ್ಲಿ, ಮುಚ್ಚಳದ ವಾಸನೆ ಹಿಡಿದವಳು ಅವಳು. ನಮ್ಮ ಮನೆಗೆ ಬಂದರೆ ನನ್ನ ಹತ್ತಿರ ಕನ್ನಡ ಅಕ್ಷರವನ್ನೂ ಕೇಳಿ ಬರೆದುಕೊಳ್ಳುತ್ತಾಳೆ. ತಮಿಳಿನದನ್ನೂ ಕನ್ನಡದ್ದನ್ನೂ ಪಕ್ಕಪಕ್ಕ ಇಟ್ಟು ಯಾವುದಕ್ಕೆ ಹೊಟ್ಟೆ ಇದೆ, ಯಾವುದಕ್ಕೆ ಬಾಲ ಇದೆ ಎಂದು ನೋಡುವುದು ಅವಳ ಈಗಿನ ಆಟ. ಹಾಗಾಗಿ ಊರಲ್ಲಿ ಕನ್ನಡ ಓದುವವರು ನಾವೀಗ ಇಬ್ಬರು.

ಈ ವರ್ಷ ಅವಳ ತಮ್ಮ ನಮ್ಮಲ್ಲಿಗೆ ಬಂದಿದ್ದಾನೆ. ಅಮ್ಮನೇ ಕೈ ಹಿಡಿದು ತಂದು, ಚಾಪೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಅಕ್ಕನಂತೆಯೇ ಏನಾದರೂ ಅದ್ಭುತ ನಡೆಯುತ್ತದೆ ಎಂದು ಕಾದಳು. ನಾನು ಅವನ ಮುಂದೆ ದೊಡ್ಡ ಮುಚ್ಚಳಗಳ ಬಟ್ಟಲನ್ನೂ ಖಾಲಿ ಟ್ರೇಯನ್ನೂ ಇಟ್ಟೆ. ಅವನು ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ, ತಲೆಯ ಮೇಲಕ್ಕೆ ಒಯ್ದು, ಅಷ್ಟನ್ನೂ ಕೆಳಕ್ಕೆ ಸುರಿದ. ಮುಚ್ಚಳಗಳು ಕೋಣೆಯ ಮೂಲೆ ಮೂಲೆಗೆ ಉರುಳಿದವು. ಅವನು ಚಪ್ಪಾಳೆ ತಟ್ಟಿದ.

"ಇದೇನ್ ಟೀಚರಮ್ಮ," ಎಂದು ಅವಳು ಗಾಬರಿಯಾದಳು. "ಇವ್ನು ಆರಿಸೋದೇ ಇಲ್ಲ! ಮನೇಲೂ ಅಂಗೇ, ಅಕ್ಕಿ ಡಬ್ಬ ಸಿಕ್ಕುದ್ರೆ ಅಕ್ಕಿ, ನೀರು ಸಿಕ್ಕುದ್ರೆ ನೀರು, ಎಲ್ಲಾ ಸುರಿಯೋದೇ. ಇವನ್ಗೆ ಏನಾದ್ರೂ ಆಗೈತಾ?"

"ಏನೂ ಆಗಿಲ್ಲ. ಸುರಿಯೋದೂ ಕೆಲ್ಸಾನೇ. ಅವ್ನು ಈಗ ಅದರಲ್ಲಿದ್ದಾನೆ."

"ಅಕ್ಕ ಇಂಗಿರ್ಲಿಲ್ಲ."

"ಅಕ್ಕ ಅಕ್ಕ. ಇವ್ನು ಇವ್ನು."

ಅವಳಿಗೆ ಸಮಾಧಾನವಾಗಲಿಲ್ಲ, ಆದರೆ ಮುಚ್ಚಳ ಎತ್ತಲು ಏಳಲೂ ಇಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ಹುಡುಗ ಅಂಬೆಗಾಲಿಟ್ಟು ಹೋಗಿ ಒಂದು ಮುಚ್ಚಳ ಹಿಡಿದು ತಂದ, ಬಟ್ಟಲಿಗೆ ಹಾಕಿದ, ಸದ್ದು ಕೇಳಿ ನಕ್ಕ. ಇನ್ನೊಂದು ತರಲು ಹೋದ. ಹೀಗೆ ಬಟ್ಟಲು ಮತ್ತೆ ತುಂಬಿತು. ಅದು ತುಂಬಿದೆ ಎಂದು ಖಾತ್ರಿ ಮಾಡಿಕೊಂಡು, ಅಮ್ಮನ ಮುಖ ನೋಡುತ್ತ, ಅವನು ಅದನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿದ. ಅಮ್ಮನೂ ನಾನೂ ಕಾಲು ಒಳಕ್ಕೆ ಎಳೆದುಕೊಂಡೆವು.